ಬೀದರಿನ ಬಿಸಿಲು, ಬಯಲಿನ ನಾಷ್ಟಾ

ನನ್ನ ತವರು ಔರಾದ್, ಮನೆ ಭಾಲ್ಕಿ, ನೌಕರಿ ಬೀದರ್. ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ನಮ್ಮ ಮನೆಯವರು, ಗೆಳೆಯರು, ಅವರ ಮಕ್ಕಳು ಎಲ್ಲ ಸೇರಿ ಡೇರೆ ಕಟ್ಟಿಕೊಂಡು ಹೊರಡುತ್ತೇವೆ. ಕೆಲವು ಸಲ ಕಾರಂಜಾ ಹಿನ್ನೀರಿನ ದಂಡೆ, ಕೆಲವು ಸಲ ಮಾಂಜ್ರಾ ಕಡೆಯ ಹೊಲ, ರಜೆ ಹೆಚ್ಚಿದ್ದರೆ ಸಹ್ಯಾದ್ರಿ. ರಾತ್ರಿಯ ಊಟದ ಚಿಂತೆ ಯಾವತ್ತೂ ಇಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಇದ್ದರೆ ಆಯಿತು. ಕಷ್ಟ ಇರುವುದು ಮುಂಜಾನೆ. ಚಳಿಗೆ ಕೈ ಮರಗಟ್ಟಿರುತ್ತದೆ, ಮಕ್ಕಳಿಗೆ ಹಸಿವು, ಎಲ್ಲರಿಗೂ ಬಿಸಿಯಾದದ್ದೇ ಬೇಕು, ಹೆಚ್ಚುತ್ತ ಒಗ್ಗರಣೆ ಹಾಕುತ್ತ ಕೂಡುವಷ್ಟು ತಾಳ್ಮೆ ಯಾರಿಗೂ ಇಲ್ಲ. ಅದಕ್ಕಾಗಿ ನಾಷ್ಟಾವನ್ನು ಮನೆಯಲ್ಲೇ ಬೇಯಿಸಿ ಒಣಗಿಸಿ ಒಯ್ಯುವುದನ್ನು ರೂಢಿ ಮಾಡಿಕೊಂಡೆ. ಅದರಿಂದ ಕಲಿತದ್ದು ಇಲ್ಲಿದೆ.

1. ಒಣಗಿಸುವ ಕಾಲ ಬೇರೆ, ತಿನ್ನುವ ಕಾಲ ಬೇರೆ

ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಮಾಡುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಪಂಚಾಂಗ. ಶಿವರಾತ್ರಿಯಿಂದ ಮೇ ಕೊನೆಯವರೆಗೆ ಬೀದರಿನ ಗಾಳಿ ಬೆಂಕಿಯಂತೆ ಒಣಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸತಲ್ಲ. ಶಾವಿಗೆ, ಹಪ್ಪಳ, ಸಂಡಿಗೆ ಎಲ್ಲ ಮಾಳಿಗೆ ಏರುವುದು ಆಗಲೇ. ಆದರೆ ಆ ಬಿಸಿಲಲ್ಲಿ ಇಲ್ಲಿ ಡೇರೆ ಹಾಕುವವರು ಯಾರೂ ಇಲ್ಲ. ನಾವು ಹೊರಡುವುದು ಅಕ್ಟೋಬರ್ ನಂತರ. ಈ ಎರಡರ ನಡುವೆ ನಾಲ್ಕು ತಿಂಗಳ ಮಳೆಗಾಲ ಇದೆ. ಏಪ್ರಿಲ್‌ನಲ್ಲಿ ಗರಿಗರಿ ಒಣಗಿದ್ದು ಆಗಸ್ಟ್‌ನ ತೇವವನ್ನು ದಾಟಿ ಡಿಸೆಂಬರ್ ಮುಟ್ಟಬೇಕು. ಆದ್ದರಿಂದ ನಾನು ಕೆಲಸವನ್ನು ಎರಡು ಭಾಗ ಮಾಡಿದ್ದೇನೆ. ಉಳ್ಳಾಗಡ್ಡಿ, ಟಮಾಟಿ, ಸೊಪ್ಪು ಬೇಸಿಗೆಯಲ್ಲಿ. ಬೇಯಿಸಿದ ಅನ್ನ, ಬೇಳೆ ಹೊರಡುವ ಹದಿನೈದು ದಿನ ಮೊದಲು, ಒಣಗಿಸುವ ಯಂತ್ರದಲ್ಲಿ.

2. ಆಗಲೇ ಬೆಂದಿರುವುದನ್ನು ಮೊದಲು ಹುಡುಕಿ

ಅವಲಕ್ಕಿ ಎಂದರೆ ಬಿಸಿನೀರಲ್ಲಿ ನೆನೆದು, ಹುರಿದು, ಒತ್ತಿಸಿಕೊಂಡು ಒಣಗಿದ ಭತ್ತ. ಚುರಮುರಿ, ಪುಠಾಣಿಗಳೂ ಬೆಂಕಿ ಕಂಡು ಬಂದಿರುವಂಥವು. ಇವಕ್ಕೆ ಒಲೆಯ ಕೆಲಸ ಬಹಳ ಇಲ್ಲ. ನಮ್ಮ ಕಡೆ ಮುಂಜಾನೆ ಚುರಮುರಿಯ ಸುಸಲಾ ಮಾಡುವ ಮನೆಗೆ ಪೇಟೆಯ ದುಬಾರಿ ಪೊಟ್ಟಣ ಏಕೆ ಬೇಕು ಎಂಬುದು ನನ್ನ ಪ್ರಶ್ನೆ.

ನಾಗರಪಂಚಮಿಗೆ ಜೋಳ ಹುರಿದು ಅಳ್ಳು ಮಾಡುತ್ತಾರಲ್ಲ, ಅದನ್ನು ಬೀಸಿದ ಅಳ್ಳಿಟ್ಟು ಇನ್ನೂ ಸುಲಭ. ಬೆಲ್ಲದ ಪುಡಿ, ಏಲಕ್ಕಿ, ಚಿಟಿಕೆ ಉಪ್ಪು ಬೆರೆಸಿ ಒಯ್ದರೆ ಬಿಸಿನೀರು ಹಾಕಿ ಕಲಸಿ ಕೊಡಬಹುದು, ಒಲೆ ಹೊತ್ತದಿದ್ದರೆ ತಣ್ಣೀರಾದರೂ ನಡೆಯುತ್ತದೆ. ಚಾರಣಕ್ಕೆ ಇದಕ್ಕಿಂತ ನಂಬಿಕೆಯ ನಾಷ್ಟಾ ನನಗೆ ಗೊತ್ತಿಲ್ಲ. ಒಂದೇ ಎಚ್ಚರ: ಅಳ್ಳಿನ ಹಿಟ್ಟು ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಅಳ್ಳನ್ನು ಹಾಗೇ ಇಟ್ಟುಕೊಂಡು, ಹೊರಡುವ ವಾರ ಮತ್ತೊಮ್ಮೆ ಬೆಚ್ಚಗೆ ಹುರಿದು ಬೀಸಿಕೊಳ್ಳಬೇಕು.

ರವೆಯ ವಿಷಯ ಬೇರೆ. ಎಷ್ಟೇ ಹುರಿದರೂ ರವೆ ಬೆಂದಿರುವುದಿಲ್ಲ. ಬಿಸಿನೀರು ಸುರಿದು ಮುಚ್ಚಿಟ್ಟ ಮಾತ್ರಕ್ಕೆ ಉಪ್ಪಿಟ್ಟು ಆಗದು, ಮೂರ್ನಾಲ್ಕು ನಿಮಿಷವಾದರೂ ಒಲೆಯ ಮೇಲೆ ಕುದಿಯಬೇಕು.

3. ಖಿಚಡಿಯನ್ನು ಪೂರ್ತಿ ಬೇಯಿಸಿ ಒಣಗಿಸಿ

1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಮುಂಜಾನೆಗೆ ಖಿಚಡಿ, ಜೊತೆಗೆ ಹುಣಸೆಯ ಖಟ್ಟಾ, ಇದು ಆ ಕಡೆಯ ರುಚಿ. ಬಯಲಿನ ನಾಷ್ಟಾಕ್ಕೆ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಅಕ್ಕಿ, ಬೇಳೆ ಎರಡೂ ಇರುವುದರಿಂದ ಮಧ್ಯಾಹ್ನದವರೆಗೆ ಹೊಟ್ಟೆ ತಡೆಯುತ್ತದೆ.

ಎರಡು ಪಾಲು ಅಕ್ಕಿಗೆ ಒಂದು ಪಾಲು ಮಸೂರ ಬೇಳೆ. ತೊಗರಿ ನಮ್ಮ ಹೊಲದ ಬೆಳೆಯೇ ಆದರೂ ಇದಕ್ಕೆ ಬೇಡ. ಮಸೂರ ಬೇಗ ಬೇಯುತ್ತದೆ, ಒಣಗಿದ ಮೇಲೆ ಬೇಗ ನೀರು ಕುಡಿಯುತ್ತದೆ. ಅರಿಶಿನ, ಉಪ್ಪು, ಜೀರಿಗೆ ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಎಣ್ಣೆ, ತುಪ್ಪ ಒಂದು ಹನಿಯೂ ಬೇಡ. ಒಣಗಿಸುವ ಯಂತ್ರದ ತಟ್ಟೆಯಲ್ಲಿ ಬೆರಳಿನ ಅರ್ಧ ದಪ್ಪಕ್ಕಿಂತ ತೆಳ್ಳಗೆ ಹರಡಿ, 60 ಡಿಗ್ರಿ ಆಸುಪಾಸು ಇಡಿ. ಎರಡು ತಾಸಿನ ನಂತರ ಗಂಟುಗಳನ್ನು ಕೈಯಿಂದ ಒಡೆದು ಮಗುಚಿ. ಏಳೆಂಟು ತಾಸಿಗೆ ಕಾಳುಕಾಳಾಗಿ, ಹಲ್ಲಿಗೆ ಕಟಕ್ಕೆನ್ನುವ ಹದಕ್ಕೆ ಬರುತ್ತದೆ.

ಇದನ್ನು ಮಾಳಿಗೆಯ ಬಿಸಿಲಲ್ಲಿ ಯಾಕೆ ಒಣಗಿಸಬಾರದು ಎಂದು ಬಹಳ ಜನ ಕೇಳುತ್ತಾರೆ. ಬೆಂದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬದುಕಿ ಉಳಿದಿರುತ್ತವೆ, ಕುದಿಯುವ ನೀರಿಗೂ ಅವು ಸಾಯುವುದಿಲ್ಲ. ಅನ್ನ ತೇವವಾಗಿ ಬೆಚ್ಚಗೆ ಕೂತಷ್ಟು ಹೊತ್ತೂ ಬೆಳೆಯುತ್ತವೆ. ಅವು ಬಿಡುವ ಒಂದು ಬಗೆಯ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಬಿಸಿಲು ಎಷ್ಟೇ ಚುರುಕಿದ್ದರೂ ಖಿಚಡಿ ಒಣಗಲು ಒಂದು ದಿನ ಸಾಲದು, ರಾತ್ರಿ ಅರ್ಧ ಹಸಿಯಾಗಿಯೇ ಒಳಗೆ ಬರುತ್ತದೆ. ಸಂಡಿಗೆಯನ್ನು ಕೊನೆಗೆ ಕಾದ ಎಣ್ಣೆಯಲ್ಲಿ ಕರಿಯುತ್ತೇವೆ, ಅದನ್ನೂ ಇದನ್ನೂ ಒಂದೇ ಎನ್ನಲಾಗದು. ಆಸ್ಪತ್ರೆ ದೂರ ಇರುವ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯುವವರು ಇಲ್ಲಿ ರಾಜಿ ಮಾಡಿಕೊಳ್ಳಬಾರದು. ಒಣಗಿಸುವಾಗ ಕರೆಂಟ್ ಹೋಗಿ ಎರಡು ತಾಸಿನೊಳಗೆ ಬರದಿದ್ದರೆ ತಟ್ಟೆಗಳನ್ನು ಫ್ರಿಜ್ಜಿಗೆ ಸೇರಿಸಿ. ಫ್ರಿಜ್ಜೂ ನಿಂತಿದ್ದರೆ ಆ ಖಿಚಡಿಯನ್ನು ಚೆಲ್ಲಿಬಿಡಿ.

ಖಟ್ಟಾದ ಹುಣಸೆಯನ್ನು ಪುಡಿಯಾಗಿ ಬೇರೆ ಒಯ್ಯುತ್ತೇನೆ. ಹುರಿದ ಎಳ್ಳು, ಶೇಂಗಾ ಸೇರುವುದು ಅಲ್ಲಿ ಕಲಸುವಾಗ.

4. ಪಲ್ಯ ಒಣಗಿಸುವುದು ಅತ್ತೆಯಿಂದ ಕಲಿಯಬೇಕಾದ ವಿದ್ಯೆ

ಕಡ್ಲಿ ಹೊಲ ಹೂ ಬಿಡುವ ಮುಂಚೆ ಕುಡಿ ಚಿವುಟಿ ತಂದು ಒಣಗಿಸಿಡುವುದು ಔರಾದ್, ಭಾಲ್ಕಿ ಕಡೆಯ ಮನೆಗಳಲ್ಲಿ ಹಳೆಯ ಪದ್ಧತಿ. ಪುಂಡಿ ಪಲ್ಯವನ್ನೂ ಹಾಗೇ ಒಣಗಿಸುತ್ತಾರೆ. ನಾನು ಕೊತ್ತಂಬರಿ, ಮೆಂತೆ ಎಲ್ಲವನ್ನೂ ಸುಡುಬಿಸಿಲಿಗೆ ಹರಡಲು ಹೊರಟಾಗ ನಮ್ಮತ್ತೆ, "ಬಿಸಲಿಗಿ ಹಾಕಿದ್ರ ಬಣ್ಣ ಹೋಗ್ತದ, ವಾಸ್ನಿನೂ ಹೋಗ್ತದ. ನೆಳ್ಳಾಗ ಹಾಕು, ಗಾಳಿ ಒಣಗಸ್ತದ," ಅಂದರು. ಅಷ್ಟೇ ಸತ್ಯ. ಸೊಪ್ಪು ತೊಳೆದು, ನೀರು ಪೂರ್ತಿ ಇಳಿಸಿ, ಪಡಸಾಲೆಯಲ್ಲಿ ತೆಳು ಧೋತರದ ಮೇಲೆ ಹರಡಿದರೆ ಬೇಸಿಗೆಯಲ್ಲಿ ಎರಡು ದಿನ ಸಾಕು. ಒಣಗಿದ ಕಡ್ಲಿ ಪಲ್ಯ ಸ್ವಲ್ಪ ಹುಳಿ ಇರುವುದರಿಂದ ಜೋಳದ ನುಚ್ಚಿನ ಗಂಜಿಗೆ ಪುಡಿ ಮಾಡಿ ಉದುರಿಸಿದರೆ ಬೇರೆ ಹುಳಿ ಬೇಡ.

ಉಳ್ಳಾಗಡ್ಡಿ, ಟಮಾಟಿಗಳಿಗೆ ಬಿಸಿಲೇ ಸರಿ. ಟಮಾಟಿಯಲ್ಲಿ ನೂರಕ್ಕೆ 94 ಪಾಲು ನೀರು; ಒಂದು ಕಿಲೋ ಹೆಚ್ಚಿ ಒಣಗಿಸಿದರೆ ಕೈಗೆ ಸಿಗುವುದು 60–70 ಗ್ರಾಂ. ಆದ್ದರಿಂದ ಪೇಟೆಯಲ್ಲಿ ಅಗ್ಗ ಇದ್ದಾಗ ಬುಟ್ಟಿಗಟ್ಟಲೆ ತರಬೇಕು. ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ನೆಲದಿಂದ ಎತ್ತರದ ಮಂಚದ ಮೇಲೆ ಜಾಳಿಗೆಯ ಮೇಲಿಟ್ಟು, ಸೊಳ್ಳೆ ಪರದೆ ಮುಚ್ಚಿ. ಸಂಜೆ ಕಡ್ಡಾಯವಾಗಿ ಒಳಗೆ ತನ್ನಿ. ಗಜ್ಜರಿ, ಬಟಾಣಿ ಮಾತ್ರ ಮೊದಲು ಎರಡು ಮೂರು ನಿಮಿಷ ಕುದಿಯುವ ನೀರಲ್ಲಿ ಅದ್ದಿ, ತಣ್ಣೀರಿಗೆ ಹಾಕಿ, ಆಮೇಲೆ ಯಂತ್ರದಲ್ಲಿ ಒಣಗಬೇಕು. ಹಸಿಯಾಗಿಯೇ ಒಣಗಿಸಿದ ಬಟಾಣಿ ಬಯಲಿನಲ್ಲಿ ಎಷ್ಟು ಕುದಿಸಿದರೂ ಗೋಲಿಯಂತೆ ಉಳಿಯುತ್ತದೆ.

5. ಎಣ್ಣೆಯದ್ದೆಲ್ಲ ಬೇರೆ ಪೊಟ್ಟಣ

ನೀರು ಹೋದರೂ ಎಣ್ಣೆ ಹೋಗುವುದಿಲ್ಲ. ಗಾಳಿ ತಾಗುತ್ತ ತಾಗುತ್ತ ಅದು ಕಮಟು ಹಿಡಿಯುತ್ತದೆ. ಒಗ್ಗರಣೆ ಹಾಕಿ ಒಣಗಿಸಿದ ನಾಷ್ಟಾ ಒಂದು ತಿಂಗಳಲ್ಲಿ ವಾಸನೆ ಬರುವುದು ಇದಕ್ಕೇ. ಶೇಂಗಾ, ಒಣಕೊಬ್ಬರಿ, ಎಳ್ಳು ಹೊರಡುವ ವಾರದಲ್ಲೇ ಹುರಿದವು ಇರಲಿ. ಬೂಷ್ಟು ಹಿಡಿದ ಶೇಂಗಾ ಒಂದು ಕಾಳು ಕಂಡರೂ ಆ ಚೀಲವನ್ನೇ ಬಿಡಿ, ಆರಿಸಿ ಬಳಸಬೇಡಿ. ಎಣ್ಣೆಯನ್ನು ಸಣ್ಣ ಬಾಟಲಿಯಲ್ಲಿ ಒಯ್ದು ಕೊನೆಗೆ ಒಂದು ಚಮಚ ಹಾಕಿದರೆ ರುಚಿಯೂ ತಾಜಾ, ಶಕ್ತಿಯೂ ಸಿಕ್ಕಿತು: ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಅಕ್ಕಿಯ ಪಿಷ್ಟದಲ್ಲಿ 4.

6. ಮಳೆಗಾಲ ದಾಟಿಸುವ ಕ್ರಮ

ಒಣಗಿದ ತಕ್ಷಣ ಡಬ್ಬಿಗೆ ತುಂಬಿ ಮುಚ್ಚಿ ಮರೆಯುವಂತಿಲ್ಲ. ಒಂದು ಚೂರು ಹೆಚ್ಚು ಒಣಗಿರುತ್ತದೆ, ಇನ್ನೊಂದು ಕಡಿಮೆ. ಪೂರ್ತಿ ಆರಿದ ಮೇಲೆ ಗಾಜಿನ ಬರಣಿಗೆ ಮುಕ್ಕಾಲಿಗಿಂತ ಕಡಿಮೆ ತುಂಬಿ, ವಾರವಿಡೀ ದಿನಕ್ಕೊಮ್ಮೆ ಅಲುಗಾಡಿಸಿ ನೋಡಿ. ಗಾಜಿನ ಒಳಮೈಗೆ ಹನಿ ಕಂಡರೆ ಮತ್ತೆ ಒಣಗಿಸಲೇಬೇಕು. ಬಿಸಿಲಲ್ಲಿ ಒಣಗಿಸಿದ್ದಕ್ಕೆ ಹುಳದ ಮೊಟ್ಟೆ ಇರುವ ಸಂಭವ ಉಂಟು; ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ದಿನ ಇಟ್ಟು ತೆಗೆದರೆ ಅವು ಸಾಯುತ್ತವೆ. ಆಮೇಲೆ ಸಣ್ಣ ಸಣ್ಣ ಬರಣಿಗಳಿಗೆ ಹಂಚಿ. ದೊಡ್ಡ ಬರಣಿಯ ಬಾಯಿ ಮಳೆಗಾಲದಲ್ಲಿ ಒಮ್ಮೆ ತೆಗೆದರೆ ಅಷ್ಟೂ ಸರಕಿಗೆ ತೇವ ತಾಗುತ್ತದೆ.

7. ಪೊಟ್ಟಣದಲ್ಲಿ ಪೊಟ್ಟಣ

ಮೈಸೂರಿನಲ್ಲಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಹಿಮದಲ್ಲಿರುವ ಸೈನಿಕರಿಗಾಗಿ ಇಂಥದ್ದೇ ಪ್ರಶ್ನೆಗೆ ಉತ್ತರ ಹುಡುಕಿತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದ ಭಾರತೀಯ ತಿನಿಸುಗಳೂ ಅಲ್ಲಿಯವೇ. ಅವರ ಹತ್ತಿರ ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರಗಳಿವೆ. ಆ ಆಹಾರ ಸ್ಪಂಜಿನ ಹಾಗೆ ರಂಧ್ರ ರಂಧ್ರವಾಗಿದ್ದು ನೀರು ಹಾಕಿದ ಕೂಡಲೇ ಹಿಂದಿನ ರೂಪಕ್ಕೆ ಬರುತ್ತದೆ. ಮನೆಯಲ್ಲಿ ಬಿಸಿಗಾಳಿಗೆ ಒಣಗಿದ್ದು ಮುದುಡಿ ಗಟ್ಟಿಯಾಗಿರುತ್ತದೆ, ಅದಕ್ಕೆ ಹೊತ್ತು ಬೇಕು. ಯಾವುದಕ್ಕೆ ಎಷ್ಟು ಹೊತ್ತು ಎಂಬುದನ್ನು ನೋಡಿಯೇ ನಾನು ಪೊಟ್ಟಣ ಕಟ್ಟುವುದು.

ಅವಲಕ್ಕಿಯ ಪೊಟ್ಟಣದೊಳಗೆ ಇನ್ನೊಂದು ಸಣ್ಣ ಪೊಟ್ಟಣ: ಒಣ ಉಳ್ಳಾಗಡ್ಡಿ, ಗಜ್ಜರಿ, ಬಟಾಣಿ, ಅರಿಶಿನ, ಉಪ್ಪು, ಒಣ ಕರಿಬೇವು. ಮೊದಲು ಅದನ್ನು ಕುದಿನೀರಲ್ಲಿ ಹತ್ತು ನಿಮಿಷ ಮುಚ್ಚಿಡಬೇಕು. ತರಕಾರಿ ಮೆತ್ತಗಾದ ಮೇಲೆ ಅದೇ ನೀರಿಗೆ ಅವಲಕ್ಕಿ. ಎಲ್ಲ ಒಟ್ಟಿಗೆ ಹಾಕಿದರೆ ಅವಲಕ್ಕಿ ಮುದ್ದೆಯಾಗುತ್ತದೆ, ಬಟಾಣಿ ಕಲ್ಲಾಗಿಯೇ ಇರುತ್ತದೆ. ಹುಳಿಗೆ ಆಮಚೂರ ಸಾಕು.

ಒಬ್ಬರಿಗೆ ಅವಲಕ್ಕಿ 70 ಗ್ರಾಂ, ನೀರು ಸುಮಾರು 120 ಮಿಲಿ. ಒಣ ಖಿಚಡಿ 90 ಗ್ರಾಂ, ನೀರು 225 ಮಿಲಿ. ಹತ್ತು ನಿಮಿಷ ತಣ್ಣೀರಲ್ಲಿ ನೆನೆಸಿ, ಐದು ನಿಮಿಷ ಕುದಿಸಿ, ಹತ್ತು ನಿಮಿಷ ಮುಚ್ಚಿಡಿ. ಬೀದರ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ನೂರಕ್ಕಿಂತ ಎರಡು ಡಿಗ್ರಿ ಕಡಿಮೆಗೇ ಕುದಿಯುತ್ತದೆ, ಅದರಿಂದ ತೊಂದರೆ ಏನಿಲ್ಲ. ಹಿಮಾಲಯದಲ್ಲಿ 3,000 ಮೀಟರ್ ಏರಿದರೆ 90 ಡಿಗ್ರಿಗೇ ಕುದಿ ಬರುತ್ತದೆ. ಅಲ್ಲಿ ಹಸಿ ಬೇಳೆ ಬೇಯಿಸುತ್ತ ಕೂಡಲಾಗದು, ಮನೆಯಲ್ಲೇ ಬೆಂದದ್ದರ ಬೆಲೆ ಅಲ್ಲಿ ತಿಳಿಯುತ್ತದೆ. ನೀರಿನ ಅಳತೆ, ಹೊತ್ತು, ಕಟ್ಟಿದ ತಾರೀಕು ಮೂರನ್ನೂ ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆಯಿರಿ. ಮುಂಜಾನೆ ಮೊದಲು ಎದ್ದ ಹುಡುಗ ಓದಿ ತಾನೇ ಮಾಡಿಕೊಳ್ಳುತ್ತಾನೆ.

8. ನೀರು ಎಲ್ಲಿಂದ ಎಂದು ಮೊದಲೇ ಕೇಳಿ

ಒಣ ಆಹಾರದಿಂದ ಹೊರೆ ಇಳಿಯುತ್ತದೆ ಎನ್ನುತ್ತಾರೆ. ಹೋದಲ್ಲಿ ನೀರು ಸಿಕ್ಕರೆ ಮಾತ್ರ ಆ ಮಾತು ನಿಜ. ನಮ್ಮ ಬಯಲಿನಲ್ಲಿ ಬಹಳ ಕಡೆ ನೀರನ್ನೂ ಹೊತ್ತೇ ಹೋಗಬೇಕು, ಆಗ ಭಾರ ಅಷ್ಟೇ ಉಳಿಯುತ್ತದೆ. ಕೆಡುವುದಿಲ್ಲ, ಬೇಗ ಆಗುತ್ತದೆ, ಗ್ಯಾಸ್ ಕಡಿಮೆ ಸಾಕು, ಇಲ್ಲಿ ಲಾಭ ಇವು. ಕಾರಂಜಾದ ನೀರು ಬಳಸುವುದಾದರೆ ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಒಂದು ನಿಮಿಷ ಕೊತಕೊತ ಕುದಿಸಿ, ಆಮೇಲೆ ಪೊಟ್ಟಣಕ್ಕೆ ಹಾಕಿ. ನಾಷ್ಟಾ, ಚಹಾ ಸೇರಿ ತಲೆಗೆ ಅರ್ಧ ಲೀಟರಿಗಿಂತ ಹೆಚ್ಚು ಬೇಕಾಗುತ್ತದೆ.

9. ಬೆಂಕಿ, ಉಳಿದದ್ದು, ಅನುಮತಿ

ನಮ್ಮದು ಎಲೆ ಉದುರಿಸುವ ಕುರುಚಲು ಕಾಡು. ಚಳಿಗಾಲಕ್ಕೇ ಹುಲ್ಲು ಒಣಗಿರುತ್ತದೆ, ಕಟ್ಟಿಗೆ ಒಲೆಯ ಒಂದು ಕಿಡಿ ಸಾಕು. ಸಣ್ಣ ಗ್ಯಾಸ್ ಒಲೆಯೇ ಒಯ್ಯಿರಿ. ಹೊನ್ನಿಕೇರಿಯಂಥ ಅರಣ್ಯದಲ್ಲಿ ಇಳಿಯುವ ಮುಂಚೆ ಅರಣ್ಯ ಇಲಾಖೆಯನ್ನು ಕೇಳಲೇಬೇಕು, ಹೊಲವಾದರೆ ಹೊಲದವರನ್ನು. ಮಿಕ್ಕ ಅನ್ನ ಚೆಲ್ಲಿ ಬಂದರೆ ಅದಕ್ಕೆ ಬೀದಿನಾಯಿಗಳು ಬರುತ್ತವೆ, ಅವೇ ಆಮೇಲೆ ಕೃಷ್ಣಮೃಗದ ಮರಿಗಳನ್ನು ಅಟ್ಟುತ್ತವೆ. ಪೊಟ್ಟಣಗಳೊಂದಿಗೆ ಮಿಕ್ಕದ್ದೂ ವಾಪಸ್ ಮನೆಗೆ ಬರಲಿ.

10. ಹೊರಡುವ ಮುಂಚೆ ಮನೆಯಲ್ಲಿ ಒಮ್ಮೆ

ಕಟ್ಟಿದ ಪೊಟ್ಟಣಗಳಲ್ಲಿ ಒಂದನ್ನು ಒಡೆದು, ಬಯಲಿಗೆ ಒಯ್ಯುವ ಅದೇ ಒಲೆ, ಅದೇ ಪಾತ್ರೆಯಲ್ಲಿ ಮಾಳಿಗೆ ಮೇಲೆ ಮಾಡಿ ನೋಡಿ. ಮನೆಯ ಹಿರಿಯರಿಗೂ ಮಕ್ಕಳಿಗೂ ಬಡಿಸಿ. ಅವರು ಉಪ್ಪು ಕಡಿಮೆ ಎಂದರೆ ಪೊಟ್ಟಣದ ಮೇಲೆ ಬರೆದುಕೊಳ್ಳಿ, ಬಟಾಣಿ ಗಟ್ಟಿ ಎಂದರೆ ನೆನೆಯುವ ಹೊತ್ತು ಐದು ನಿಮಿಷ ಹೆಚ್ಚಿಸಿ. ಅದು ಸರಿಹೋದ ಮೇಲೆ ಉಳಿದ ಪೊಟ್ಟಣಗಳನ್ನು ಚೀಲಕ್ಕೆ ಹಾಕಿಕೊಳ್ಳಿ.