ಟ್ರ್ಯಾಕ್ಟರು ಮತ್ತು ಜೀಪುಗಳ ಬ್ರೇಕನ್ನು ಸುಸ್ಥಿತಿಯಲ್ಲಿಡುವ ಕ್ರಮ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ಉಳುಮೆಯೂ ಸಾಗಾಣಿಕೆಯೂ ಈಗ ಬಹುಮಟ್ಟಿಗೆ ಟ್ರ್ಯಾಕ್ಟರಿನಿಂದಲೇ ನಡೆಯುತ್ತಿರುವುದು ಸರ್ವವಿದಿತವಾದ ಸಂಗತಿ. ಸುಗ್ಗಿಯಲ್ಲಿ ರಾಗಿಯ ಹೊರೆ, ಬೇಸಗೆಯಲ್ಲಿ ಕೆರೆಯ ಗೋಡು, ಬಿತ್ತನೆಗೆ ಮುಂಚೆ ತಿಪ್ಪೆಯ ಗೊಬ್ಬರ, ಇವೆಲ್ಲವೂ ಟ್ರೈಲರಿನ ಮೇಲೆಯೇ ಹೋಗುತ್ತವೆ. ಹೊಲದಲ್ಲಿ ಮೆಲ್ಲನೆ ನಡೆಯುವ ಯಂತ್ರಕ್ಕೆ ಬ್ರೇಕಿನ ಕೊರತೆಯಿದ್ದರೂ ಅದು ಕಣ್ಣಿಗೆ ಬೀಳುವುದಿಲ್ಲ. ಅದೇ ಯಂತ್ರವು ಭಾರವನ್ನು ಹೊತ್ತು ಕೆರೆಯ ಏರಿಯಿಂದ ಇಳಿಯುವಾಗಲೂ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆಗಳ ಮೇಲೆ ಹೊಸಕೋಟೆಗೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡುವಾಗಲೂ ಆ ಕೊರತೆಯು ಪ್ರಾಣಕ್ಕೆ ಎರವಾಗುತ್ತದೆ. ಆದಕಾರಣ ಬ್ರೇಕಿನ ಸ್ವರೂಪವೇನು, ಅದು ಕೆಡುವುದು ಹೇಗೆ, ಪೆಡಲಿನ ಮೇಲಿಟ್ಟ ಕಾಲಿಗೆ ಅದರ ಸ್ಥಿತಿ ತಿಳಿಯುವುದು ಹೇಗೆ ಎಂಬ ವಿಷಯಗಳನ್ನು ಯಂತ್ರದ ಒಡೆಯರು ತಾವೇ ಅರಿತಿರುವುದು ಅವಶ್ಯಕ. ಚಾಲಕನ ಮೇಲೆ ಹೊಣೆಯನ್ನು ಹೊರಿಸಿ ಸುಮ್ಮನಿರುವುದು ವಿವೇಕವಲ್ಲ.

ಪೆಡಲು ಕೆಲಸ ಮಾಡುವ ಬಗೆ

ಬಾವಿಯ ಬಳಿ ಬಂಡೆಯನ್ನು ಹಾರೆಯಿಂದ ಮೀಟುವವನಿಗೆ ಬ್ರೇಕಿನ ತತ್ತ್ವ ಹೊಸದಲ್ಲ. ಹಾರೆಯ ಉದ್ದವಾದ ತುದಿಯು ಬಹಳ ದೂರ ಚಲಿಸಿದರೆ ಗಿಡ್ಡವಾದ ತುದಿಯು ಸ್ವಲ್ಪವೇ ಚಲಿಸುತ್ತದೆ; ಆದರೆ ಅಲ್ಲಿ ಬಲವು ಹೆಚ್ಚುತ್ತದೆ. ಪೆಡಲೂ ಇಂಥ ಒಂದು ಸನ್ನೆಕೋಲು. ಅದರ ಪ್ರಮಾಣವು ಒಂದಕ್ಕೆ 5 ಎಂದಿಟ್ಟುಕೊಂಡರೆ, ಕಾಲು 20 ಕಿಲೋಗ್ರಾಮಿನಷ್ಟು ಒತ್ತಿದಾಗ ಒಳಗಣ ಸರಳಿನ ಮೇಲೆ 100 ಕಿಲೋಗ್ರಾಮಿನಷ್ಟು ಬಲ ಬೀಳುತ್ತದೆ. ಆದರೆ ಬಲವು ಹೆಚ್ಚಿದಷ್ಟೇ ಚಲನೆಯು ಕಡಿಮೆಯಾಗುವುದೆಂಬುದನ್ನು ಮರೆಯಲಾಗದು. ಒಳಗೆ ಒಂದು ಮಿಲಿಮೀಟರು ಸವೆದರೆ ಪೆಡಲು 5 ಮಿಲಿಮೀಟರು ಹೆಚ್ಚಾಗಿ ಕೆಳಗಿಳಿಯಬೇಕಾಗುತ್ತದೆ. ಸರಳುಗಳ ಕೀಲುಗಳು ಸವೆದು ಸಡಿಲವಾಗಿದ್ದರೂ ಫಲ ಇದೇ. ಕಾಲಿನ ಓಟವೆಲ್ಲ ಸಡಿಲವನ್ನು ತುಂಬುವುದರಲ್ಲಿಯೇ ಕಳೆದುಹೋದರೆ ಗಾಲಿಯನ್ನು ಹಿಡಿಯಲು ಏನೂ ಉಳಿಯುವುದಿಲ್ಲ.

ಜೀಪು ಮತ್ತು ಕಾರುಗಳಲ್ಲಿ ಸರಳುಗಳಿಗೆ ಬದಲಾಗಿ ಕೊಳವೆಯೊಳಗಿನ ದ್ರವವು ಬಲವನ್ನು ನಾಲ್ಕು ಗಾಲಿಗಳಿಗೂ ಒಯ್ಯುತ್ತದೆ. ಈ ಏರ್ಪಾಟನ್ನು ನಾಲ್ಕು ಗಾಲಿಗಳಿಗೂ ಅಳವಡಿಸಿದ ಮೋಟಾರು ಕಾರು ಅಮೆರಿಕ ದೇಶದಲ್ಲಿ 1921ರಲ್ಲಿಯೇ ಮಾರಾಟಕ್ಕೆ ಬಂದಿತು. ದ್ರವವು ಒತ್ತಡಕ್ಕೆ ಕುಗ್ಗುವುದಿಲ್ಲವೆಂಬುದೇ ಇದರ ಆಧಾರ. ಗಾಳಿಯಾದರೋ ಕುಗ್ಗುತ್ತದೆ. ಆದುದರಿಂದ ಕೊಳವೆಯೊಳಗೆ ಗಾಳಿ ಸೇರಿದಾಗ ಕಾಲಿಟ್ಟ ಬಲವು ಆ ಗಾಳಿಯನ್ನು ಅದುಮುವುದರಲ್ಲಿಯೇ ವ್ಯಯವಾಗುವುದು.

ಕಾಲಿಗೆ ತಿಳಿಯುವ ಲಕ್ಷಣಗಳು

ಪಶುವಿನ ನಾಡಿಯನ್ನು ಹಿಡಿದು ರೋಗವನ್ನು ಊಹಿಸುವಂತೆ ಪೆಡಲಿನ ನಡತೆಯಿಂದ ಬ್ರೇಕಿನ ದೋಷವನ್ನು ಊಹಿಸಬಹುದು. ಮುಖ್ಯವಾದ ಲಕ್ಷಣಗಳು ಇವು:

1. ಪೆಡಲು ಬಹಳ ಕೆಳಗಿಳಿದ ಮೇಲೆ ಗಟ್ಟಿಯಾಗಿ ಹಿಡಿದರೆ ಲೈನಿಂಗು ಸವೆದಿದೆ, ಅಥವಾ ಸರಿಹೊಂದಿಸುವ ನಟ್ಟು ಸಡಿಲವಾಗಿದೆ.

2. ಜೀಪಿನ ಪೆಡಲು ಮೆತ್ತಗೆ ಅದುಮಿದಂತಾಗಿ, ಎರಡು ಮೂರು ಸಲ ಬೇಗಬೇಗನೆ ತುಳಿದರೆ ಮೇಲೇರಿ ಗಟ್ಟಿಯಾಗುವುದಾದರೆ, ಕೊಳವೆಯಲ್ಲಿ ಗಾಳಿ ಸೇರಿರುವ ಸಂಭವ ಹೆಚ್ಚು.

3. ಒಂದೇ ಸಮನಾಗಿ ಒತ್ತಿ ಹಿಡಿದಿರುವಾಗ ಪೆಡಲು ಮೆಲ್ಲಮೆಲ್ಲನೆ ನೆಲಕ್ಕೆ ಇಳಿದರೆ ಎಲ್ಲಿಯೋ ದ್ರವವು ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರು ಕೆಟ್ಟಿದೆ. ಇಂಥ ವಾಹನವನ್ನು ರಿಪೇರಿ ಮಾಡಿಸುವವರೆಗೆ ರಸ್ತೆಗೆ ತೆಗೆಯಲೇಕೂಡದು.

4. ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದೂ ವಾಹನ ನಿಲ್ಲದೆ ಜಾರುತ್ತಾ ಹೋದರೆ ಲೈನಿಂಗಿಗೆ ಎಣ್ಣೆ ಹತ್ತಿದೆ, ಅಥವಾ ಅದು ಕಾದು ಗಾಜಿನಂತೆ ನುಣುಪಾಗಿದೆ, ಅಥವಾ ಕೀಲುಗಳು ತುಕ್ಕು ಹಿಡಿದು ಬಿಗಿದಿವೆ. ಕಾರುಗಳಲ್ಲಾದರೆ ಕಾಲಿನ ಬಲಕ್ಕೆ ಸಹಾಯ ಕೊಡುವ ಬೂಸ್ಟರು ಕೆಟ್ಟಿರಲೂಬಹುದು.

5. ಬ್ರೇಕು ಹಿಡಿದಾಗ ವಾಹನವು ಒಂದು ಪಕ್ಕಕ್ಕೆ ಎಳೆದರೆ ಎಡ ಬಲದ ಹಿಡಿತಗಳು ಸಮನಾಗಿಲ್ಲ.

ಟ್ರ್ಯಾಕ್ಟರಿನ ಜೋಡಿ ಪೆಡಲು

ಟ್ರ್ಯಾಕ್ಟರಿನಲ್ಲಿ ಬಲಗಾಲಿನ ಬಳಿ ಎರಡು ಬ್ರೇಕು ಪೆಡಲುಗಳಿರುತ್ತವೆ. ಒಂದು ಎಡಗಡೆಯ ಹಿಂಗಾಲಿಗೆ, ಮತ್ತೊಂದು ಬಲಗಡೆಯದಕ್ಕೆ. ಸಾಲಿನ ಕೊನೆಯಲ್ಲಿ ಇಕ್ಕಟ್ಟಾಗಿ ತಿರುಗಿಸುವುದಕ್ಕೆ ಒಂದನ್ನೇ ತುಳಿಯುವ ಅನುಕೂಲವನ್ನು ಹೀಗೆ ಕಲ್ಪಿಸಿದೆ. ಆದರೆ ರಸ್ತೆಯ ಮೇಲೆ ವೇಗವಾಗಿ ಹೋಗುವಾಗ ಒಂದೇ ಪೆಡಲು ತುಳಿಯಲ್ಪಟ್ಟರೆ ಒಂದು ಗಾಲಿ ನಿಂತು ಮತ್ತೊಂದು ಓಡಿ, ಯಂತ್ರವು ಥಟ್ಟನೆ ತಿರುಗಿ ಮಗುಚಿಕೊಳ್ಳುವುದು. ಇದನ್ನು ತಡೆಯುವುದಕ್ಕಾಗಿಯೇ ಎರಡನ್ನೂ ಕೂಡಿಸುವ ಒಂದು ಕೊಂಡಿ ಇರುತ್ತದೆ. ಹೊಲದಿಂದ ರಸ್ತೆಗೆ ಬರುವ ಮುನ್ನ ಈ ಕೊಂಡಿಯನ್ನು ತಪ್ಪದೆ ಹಾಕತಕ್ಕದ್ದು. ಕೊಂಡಿ ಮುರಿದುಹೋಗಿದ್ದರೆ ಹಗ್ಗದಿಂದ ಕಟ್ಟಿ ಕಾಲ ತಳ್ಳದೆ ಹೊಸದನ್ನು ಹಾಕಿಸಬೇಕು.

ಕೊಂಡಿ ಹಾಕಿದ ಮಾತ್ರಕ್ಕೆ ಸಾಲದು. ಎರಡು ಪೆಡಲುಗಳ ಪ್ಲೇಯೂ, ಎಂದರೆ ತಡೆ ತಗಲುವ ಮುಂಚಿನ ಬರಿಯ ಓಟವೂ, ಒಂದೇ ಸಮನಾಗಿರಬೇಕು. ಇದನ್ನು ನೋಡುವ ಕ್ರಮ ಹೀಗೆ: ಯಂತ್ರವನ್ನು ಸಮನಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಇಂಜಿನನ್ನು ಆರಿಸಿ, ಮುಂದಿನ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಡಬೇಕು. ಕೊಂಡಿಯನ್ನು ಬಿಡಿಸಿ, ಪ್ರತಿಯೊಂದು ಪೆಡಲನ್ನೂ ಕೈಯಿಂದ ಒತ್ತುತ್ತಾ, ತಡೆ ತಗಲುವವರೆಗೆ ಅದು ಎಷ್ಟು ಚಲಿಸುವುದೆಂದು ಅಳತೆಯ ಪಟ್ಟಿಯಿಂದ ಅಳೆಯಬೇಕು. ಯಂತ್ರದೊಡನೆ ಕೊಟ್ಟಿರುವ ಪುಸ್ತಕದಲ್ಲಿ ಹೇಳಿದ ಅಳತೆಗೆ ಸರಿಯಾಗಿ ಸರಳಿನ ನಟ್ಟನ್ನು ತಿರುಗಿಸಿ, ಬಿಗಿಯುವ ಎರಡನೆಯ ನಟ್ಟನ್ನು ಭದ್ರಪಡಿಸಬೇಕು. ಪ್ಲೇ ಏನೂ ಇಲ್ಲದಂತೆ ಬಿಗಿಯುವುದೂ ತಪ್ಪು. ಹಾಗೆ ಮಾಡಿದರೆ ಬ್ರೇಕು ಸದಾ ಉಜ್ಜುತ್ತಾ ಕಾದು ಹಾಳಾಗುವುದು. ಪೆಡಲಿನ ಮೇಲೆ ಕಾಲನ್ನು ಇಟ್ಟುಕೊಂಡೇ ಓಡಿಸುವ ಅಭ್ಯಾಸದಿಂದಲೂ ಇದೇ ಕೇಡು.

ತರುವಾಯ ಕೊಂಡಿಯನ್ನು ಹಾಕಿ, ಜನಸಂಚಾರವಿಲ್ಲದ ಒಣಗಿದ ಸಮ ನೆಲದಲ್ಲಿ ಟ್ರೈಲರಿಲ್ಲದೆ ಮೆಲ್ಲನೆ ಓಡಿಸಿ ಬ್ರೇಕನ್ನು ಹಿಡಿದು ನೋಡಬೇಕು. ಯಂತ್ರವು ನೇರವಾಗಿ ನಿಂತು, ಎರಡು ಹಿಂಗಾಲಿಗಳ ಗುರುತೂ ಮಣ್ಣಿನ ಮೇಲೆ ಒಂದೇ ತೆರನಾಗಿ ಮೂಡಿದ್ದರೆ ಕೆಲಸ ಸರಿಯಾಯಿತು.

ಒಣ ಬ್ರೇಕೂ ಎಣ್ಣೆಯ ಬ್ರೇಕೂ

ಹಳೆಯ ಟ್ರ್ಯಾಕ್ಟರುಗಳಲ್ಲಿ ಬ್ರೇಕಿನ ಲೈನಿಂಗು ಒಣಗಿರುತ್ತದೆ. ಹೊಸ ಮಾದರಿಗಳಲ್ಲಿ ಅನೇಕದರಲ್ಲಿ ಡಿಸ್ಕುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಒಣ ಬ್ರೇಕಿಗೆ ಎಣ್ಣೆ, ನೀರು, ಕೆಂಪು ಧೂಳು ಇವು ಮೂರೂ ವೈರಿಗಳು. ಅಚ್ಚಿನ ಸೀಲು ಹರಿದು ಎಣ್ಣೆ ಒಳಗೆ ಸೋರಿದರೆ ಎಷ್ಟು ಬಲವಾಗಿ ತುಳಿದರೂ ಫಲವಿಲ್ಲ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಿಂದ ತೊಳೆದು ಪುನಃ ಹಾಕುವುದು ಹಣ ಉಳಿಸಿದಂತಲ್ಲ. ಮೊದಲು ಸೀಲನ್ನು ಬದಲಾಯಿಸಿ, ಆಮೇಲೆ ಎರಡು ಪಕ್ಕದ ಲೈನಿಂಗುಗಳನ್ನೂ ಒಟ್ಟಿಗೇ ಹೊಸದಾಗಿ ಹಾಕಿಸಬೇಕು. ಒಂದು ಪಕ್ಕದ್ದನ್ನು ಮಾತ್ರ ಬದಲಾಯಿಸಿದರೆ ಎಳೆತ ಹುಟ್ಟುವುದು. ಹಳೆಯ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸು ಇರಬಹುದಾದುದರಿಂದ ಅದನ್ನು ಬಾಯಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರಸಬೇಕು. ಕೆಸರುಗದ್ದೆಯಲ್ಲಿಯೋ ಹಳ್ಳದ ನೀರಿನಲ್ಲಿಯೋ ಇಳಿದು ಬಂದ ಮೇಲೆ ಸ್ವಲ್ಪ ದೂರ ಮೆಲ್ಲನೆ ಹೋಗುತ್ತಾ ಪೆಡಲನ್ನು ಹಗುರವಾಗಿ ಒತ್ತಿ ಬಿಟ್ಟು ಮಾಡಿದರೆ ಲೈನಿಂಗು ಆರುವುದು.

ಎಣ್ಣೆಯಲ್ಲಿ ಮುಳುಗಿರುವ ಬ್ರೇಕಿಗೆ ಕೆಸರು ಧೂಳುಗಳ ಬಾಧೆ ಕಡಿಮೆ. ಆದರೆ ಎಣ್ಣೆಯ ಮಟ್ಟವೂ ಜಾತಿಯೂ ಪುಸ್ತಕದಲ್ಲಿ ಹೇಳಿದಂತೆಯೇ ಇರಬೇಕು. ಕೈಗೆ ಸಿಕ್ಕಿದ ಎಣ್ಣೆಯನ್ನು ತುಂಬಿದರೆ ಡಿಸ್ಕುಗಳು ಕೂಗುವುವು, ನಡುಗುವುವು, ಹಿಡಿತವೂ ಕುಂದುವುದು.

ಟ್ರೈಲರಿನ ಭಾರ

ಟ್ರ್ಯಾಕ್ಟರಿನ ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಹಿಂದಿನ ಟ್ರೈಲರಿಗೆ ಬ್ರೇಕಿಲ್ಲದಿದ್ದರೆ ಆ ಶ್ರಮವೆಲ್ಲ ಅರ್ಧಕ್ಕೇ ನಿಂತಂತೆ. ಒಂದು ಸ್ಥೂಲವಾದ ಲೆಕ್ಕದಿಂದ ಇದು ಸ್ಪಷ್ಟವಾಗುವುದು. 2 ಟನ್ನು ತೂಕದ ಟ್ರ್ಯಾಕ್ಟರು ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಹೋಗುತ್ತಾ, ಬ್ರೇಕು ಹಿಡಿದ ಮೇಲೆ 5 ಮೀಟರಿನಲ್ಲಿ ನಿಲ್ಲುವುದೆಂದು ಇಟ್ಟುಕೊಳ್ಳೋಣ. ಅದಕ್ಕೆ ಗೋಡು ತುಂಬಿದ 6 ಟನ್ನಿನ, ಬ್ರೇಕಿಲ್ಲದ ಟ್ರೈಲರನ್ನು ಕಟ್ಟಿದರೆ ಭಾರವು ನಾಲ್ಕು ಪಾಲಾಗುವುದು, ತಡೆಯುವ ಬಲವು ಮಾತ್ರ ಮೊದಲಿನಷ್ಟೇ. ಆಗ ನಿಲ್ಲಲು 20 ಮೀಟರು ಬೇಕು. ವೇಗವನ್ನು 40 ಕಿಲೋಮೀಟರಿಗೆ ಏರಿಸಿದರೆ, ವೇಗ ಇಮ್ಮಡಿಯಾದಾಗ ದೂರವು ನಾಲ್ಮಡಿಯಾಗುವುದರಿಂದ, 80 ಮೀಟರು ಬೇಕು. 20 ಮೀಟರಿಗೆ ಒಂದು ಮೀಟರು ಇಳಿಯುವ ಜಾಡಿನಲ್ಲಾದರೆ 20 ಕಿಲೋಮೀಟರು ವೇಗಕ್ಕೇ ಸುಮಾರು 55 ಮೀಟರೂ, 40 ಕಿಲೋಮೀಟರು ವೇಗಕ್ಕೆ ಸುಮಾರು 220 ಮೀಟರೂ ಬೇಕಾಗುವುವು. ಚಾಲಕನು ಅಪಾಯವನ್ನು ಕಂಡು ಕಾಲಿಡುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನ ದೂರವು ಇದಕ್ಕೆ ಮೇಲು. ರಸ್ತೆಗೆ ಅಡ್ಡ ಬಂದ ಕರುವಾಗಲಿ ಮಗುವಾಗಲಿ 220 ಮೀಟರು ದೂರದಲ್ಲಿ ಕಾಣುವುದು ಅಪರೂಪ.

ಎತ್ತಿನ ಗಾಡಿ ಇಳಿಜಾರಿಗೆ ಬಂದಾಗ ಎತ್ತುಗಳು ಹಿಂದಕ್ಕೆ ಒರಗಿ ಭಾರವನ್ನು ತಡೆಯುತ್ತಿದ್ದವು. ಗಾಡಿ ಹೊಡೆಯುವವನೂ ಮೂಗುದಾರವನ್ನು ಬಿಗಿಹಿಡಿದು ಹೆಜ್ಜೆಹೆಜ್ಜೆಯಾಗಿ ಇಳಿಸುತ್ತಿದ್ದನು. ಯಂತ್ರಕ್ಕೆ ಅಂಥ ಬುದ್ಧಿಯಿಲ್ಲ. ಹಿಂದಿನಿಂದ ನೂಕುವ ಭಾರವು ಟ್ರ್ಯಾಕ್ಟರನ್ನು ಅಡ್ಡಡ್ಡಲಾಗಿ ಮಡಿಸಿ ಉರುಳಿಸಿಬಿಡುವುದೂ ಉಂಟು. ಆದುದರಿಂದ ಟ್ರೈಲರನ್ನು ಕೊಳ್ಳುವಾಗ ಬ್ರೇಕುಳ್ಳದ್ದನ್ನೇ ಕೊಳ್ಳುವುದು ಮೇಲು. ಭಾರವು ಮುಂದಕ್ಕೆ ನೂಕಿದಾಗ ತಾನಾಗಿ ಹಿಡಿಯುವ ಬ್ರೇಕು, ಟ್ರ್ಯಾಕ್ಟರಿನ ಹೈಡ್ರಾಲಿಕ್ ಒತ್ತಡದಿಂದ ಹಿಡಿಯುವ ಬ್ರೇಕು, ಗಾಳಿಯ ಒತ್ತಡದ ಬ್ರೇಕು ಎಂಬ ಬೇರೆಬೇರೆ ಬಗೆಗಳಿವೆ. ಯಾವುದು ತಮ್ಮ ಯಂತ್ರಕ್ಕೆ ಹೊಂದುವುದೆಂದು ಯಂತ್ರ ಮಾರುವವರಿಂದ ತಿಳಿಯಬೇಕು. ಬ್ರೇಕಿಲ್ಲದ ಟ್ರೈಲರು ಈಗಾಗಲೇ ಇದ್ದರೆ ಭಾರವನ್ನೂ ವೇಗವನ್ನೂ ಕಡಮೆ ಮಾಡುವುದೊಂದೇ ದಾರಿ. ಎಲ್ಲರೂ ಇಳಿಜಾರಿಗೆ ಮುಂಚೆಯೇ ಕೆಳಗಿನ ಗೇರಿಗೆ ಬದಲಾಯಿಸಿ, ಇಂಜಿನಿನ ತಡೆಯನ್ನೇ ಆಶ್ರಯಿಸಿ ಇಳಿಯಬೇಕು. ಡೀಸೆಲು ಉಳಿಯುವುದೆಂಬ ಆಸೆಯಿಂದ ನ್ಯೂಟ್ರಲ್ ಮಾಡುವುದಾಗಲಿ ಕ್ಲಚ್ಚನ್ನು ತುಳಿದುಕೊಂಡು ಇಳಿಯುವುದಾಗಲಿ ಎಂದಿಗೂ ಕೂಡದು.

ಜೀಪಿನ ಬ್ರೇಕ್ ಆಯಿಲ್

ಜೀಪು, ಕಾರುಗಳ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವದ್ದು. ಡಾಟ್ 3 ಎಂಬ ವರ್ಗದ ಹೊಸ ದ್ರವವು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯದು. ನಿಯಮದಲ್ಲಿ ಹೇಳಿದಷ್ಟು ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ನಂದಿಬೆಟ್ಟದಂಥ ಉದ್ದವಾದ ತಿರುವುಗಳ ಇಳುಕಲಿನಲ್ಲಿ ಬ್ರೇಕನ್ನು ಬಿಡದೆ ಹಿಡಿದರೆ ಡಿಸ್ಕುಗಳು ಕಾದು, ನೀರು ಸೇರಿದ ದ್ರವವು ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯಂತೆ ಕುಗ್ಗುವುದರಿಂದ, ಅಲ್ಲಿಯವರೆಗೆ ಗಟ್ಟಿಯಾಗಿದ್ದ ಪೆಡಲು ಒಮ್ಮೆಲೇ ನೆಲಕ್ಕೆ ಬೀಳುವುದು. ಆದಕಾರಣ ಈ ದ್ರವವನ್ನು ಎರಡು ವರ್ಷಗಳಿಗೊಮ್ಮೆಯಾದರೂ, ಅಥವಾ ಪುಸ್ತಕದಲ್ಲಿ ಹೇಳಿದ ಅವಧಿಗೆ, ಬದಲಾಯಿಸಿ ಕೊಳವೆಗಳ ಏರ್ ತೆಗೆಸಬೇಕು. ತೆರೆದಿಟ್ಟ ಹಳೆಯ ಡಬ್ಬಿಯ ದ್ರವವನ್ನು ಉಪಯೋಗಿಸಬಾರದು. ಇಂಜಿನ್ ಆಯಿಲನ್ನು ಇದರೊಳಗೆ ಹಾಕಿದರೆ ರಬ್ಬರುಗಳು ಉಬ್ಬಿ ಇಡೀ ಏರ್ಪಾಟೇ ಕೆಡುವುದು. ಡಬ್ಬಿಯಲ್ಲಿ ಮಟ್ಟವು ಮೇಲಿಂದ ಮೇಲೆ ಇಳಿಯುತ್ತಿದ್ದರೆ ತುಂಬುತ್ತಾ ಹೋಗದೆ, ಸೋರುವ ಸ್ಥಳವನ್ನೂ ಲೈನಿಂಗಿನ ಸವೆತವನ್ನೂ ನೋಡಿಸತಕ್ಕದ್ದು.

ಗ್ರಾಮದ ಮುಖಂಡರು ಮಾಡತಕ್ಕ ಕೆಲಸ

ರಾಗಿಯ ಕೊಯ್ಲಿಗೆ ಮುಂಚೆ ಒಂದು ಸಲ, ಬೇಸಗೆಯಲ್ಲಿ ಕೆರೆಯ ಗೋಡು ತೆಗೆಯುವುದಕ್ಕೆ ಮುಂಚೆ ಮತ್ತೊಂದು ಸಲ, ಊರಿನ ಟ್ರ್ಯಾಕ್ಟರುಗಳೆಲ್ಲವನ್ನೂ ಒಂದು ಬಯಲಿನಲ್ಲಿ ಸೇರಿಸಿ, ನುರಿತ ಮೆಕ್ಯಾನಿಕನೊಬ್ಬನಿಂದ ಬ್ರೇಕುಗಳನ್ನು ಪರೀಕ್ಷೆ ಮಾಡಿಸಿದರೆ ಖರ್ಚು ಅಲ್ಪ, ಪ್ರಯೋಜನ ಅಧಿಕ. ಬಾಡಿಗೆಗೆ ತಂದ ಯಂತ್ರವನ್ನೂ ಕೆಲಸಕ್ಕೆ ಹೂಡುವ ಮೊದಲು ಪೆಡಲು ತುಳಿದು ನೋಡಬೇಕು. ಇಳಿಜಾರಿನಲ್ಲಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕನ್ನು ಹಾಕುವುದಲ್ಲದೆ ಗಾಲಿಗೆ ಕೊಡಲು ಎರಡು ಮರದ ತುಂಡುಗಳನ್ನು ಟ್ರೈಲರಿನಲ್ಲಿ ಸದಾ ಇಟ್ಟಿರಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಮದುವೆಗೆ, ಜಾತ್ರೆಗೆ, ಕೂಲಿಯ ಕೆಲಸಕ್ಕೆಂದು ಹೆಂಗಸರು ಮಕ್ಕಳನ್ನು ಟ್ರೈಲರಿನಲ್ಲಿ ತುಂಬಿ ಕರೆದೊಯ್ಯುವ ರೂಢಿ ಇನ್ನೂ ನಿಂತಿಲ್ಲ. ಸರಕಿನ ಟ್ರೈಲರು ಜನರ ಸವಾರಿಗೆ ಕಾನೂನಿನಂತೆ ಸಲ್ಲತಕ್ಕದ್ದಲ್ಲ; ಅವಘಡವಾದರೆ ವಿಮೆಯ ಹಣಕ್ಕೂ ತೊಡಕುಂಟಾಗುವುದು. ಗೋಡಿನ ಹೊರೆ ಉರುಳಿದರೆ ಮರುದಿನ ಮತ್ತೆ ತುಂಬಿಕೊಳ್ಳಬಹುದು, ಜನ ತುಂಬಿದ ಟ್ರೈಲರು ಏರಿಯಿಂದ ಉರುಳಿದರೆ ಒಂದು ಬೀದಿಯ ಮನೆಗಳೆಲ್ಲ ಬರಿದಾಗುವುವು. ತಮ್ಮ ಊರಿನ ಟ್ರೈಲರಿಗೆ ಜನರನ್ನು ಹತ್ತಿಸಕೂಡದೆಂಬ ಕಟ್ಟನ್ನು ಮುಖಂಡರು ಊರ ಸಭೆಯಲ್ಲಿ ಮಾಡಿ, ಅದನ್ನು ಮೊದಲು ತಮ್ಮ ಮನೆಯ ಯಂತ್ರಕ್ಕೆ ಅನ್ವಯಿಸಿಕೊಂಡರೆ ಉಳಿದವರು ಅನುಸರಿಸುವುದರಲ್ಲಿ ಸಂದೇಹವಿಲ್ಲ.