ಮೋಟಾರು ಚಾಲನೆಗೊಳ್ಳುವ ಕ್ಷಣ: ಇನ್ವರ್ಟರ್ ಆಯ್ಕೆಯ ಪಾಠ

ಪಾಠದ ಉದ್ದೇಶ

ಮೋಟಾರುಗಳಿರುವ ಮನೆಗೆ ಇನ್ವರ್ಟರನ್ನು ಆರಿಸುವಾಗ, ಉಪಕರಣಗಳು ಓಡುತ್ತಿರುವಾಗಿನ ವಾಟ್‌ಗಳ ಮೊತ್ತಕ್ಕಿಂತ ಮೋಟಾರು ಚಾಲನೆಗೊಳ್ಳುವ ಕ್ಷಣದ ಬೇಡಿಕೆಯೇ ನಿರ್ಣಾಯಕವೆಂಬುದನ್ನು ವಿದ್ಯಾರ್ಥಿಗಳು ಲೆಕ್ಕದ ಮೂಲಕ ಕಂಡುಕೊಳ್ಳುವುದು. ವಿದ್ಯುತ್ಕಾಂತೀಯ ಪ್ರೇರಣೆ ಹಾಗೂ ಜೂಲ್‌ನ ನಿಯಮವನ್ನು ಕಲಿತ ತರಗತಿಗೆ ಈ ಪಾಠವು ಹೊಂದುತ್ತದೆ.

ಪ್ರವೇಶ

ಕಾಸರಗೋಡಿನ ಗುಡ್ಡಗಳ ಇಳಿಜಾರಿನ ಅಡಿಕೆ ತೋಟಗಳೂ ಅವುಗಳಿಗೆ ನೀರೊದಗಿಸುವ ಸುರಂಗಗಳೂ ಇಲ್ಲಿನ ವಿದ್ಯಾರ್ಥಿಗಳಿಗೆ ಪರಿಚಿತ. ಸುರಂಗದ ನೀರು ತಾನಾಗಿಯೇ ಹರಿದು ಕೆಳಗಿನ ಕೆರೆಯನ್ನು ಸೇರುತ್ತದೆ. ಅದಕ್ಕೆ ವಿದ್ಯುತ್ತು ಬೇಡ. ಆ ಕೆರೆಯಿಂದ ಮೇಲಿನ ಮನೆಗೆ ನೀರೇರಿಸಲು ಮಾತ್ರ ಪಂಪು ಬೇಕು. ವಿದ್ಯುತ್ ಕಂಬಗಳಿಂದ ದೂರದಲ್ಲಿ, ಸೌರಫಲಕ ಮತ್ತು ಬ್ಯಾಟರಿಗಳನ್ನೇ ನಂಬಿದ ಅಂಥ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಲು ಅಧ್ಯಾಪಕರು ಸೂಚಿಸಬೇಕು. ಆ ಕುಟುಂಬವು ಸಾಲ ಮಾಡಿ ಇನ್ವರ್ಟರ್ ಕೊಳ್ಳಲಿದೆ. ಆಯ್ಕೆ ತಪ್ಪಿದರೆ ಬೇಸಿಗೆಯಲ್ಲಿ ನೀರು ಮೇಲೇರದು. ಸಾಲದ ಕಂತು ಮಾತ್ರ ತಪ್ಪದು.

ಮೊದಲ ಲೆಕ್ಕ

ಮನೆಯ ಉಪಕರಣಗಳು ಓಡುತ್ತಿರುವಾಗ ಬಳಸುವ ಸಾಮರ್ಥ್ಯವನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕು.

ಪಂಪು (1 ಅಶ್ವಶಕ್ತಿ) – 1,065 ವಾಟ್
ಮಿಕ್ಸಿ – 500 ವಾಟ್
ಫ್ರಿಜ್ – 150 ವಾಟ್
ಗ್ರೈಂಡರ್ – 150 ವಾಟ್
ದೀಪ, ಫ್ಯಾನುಗಳು – 200 ವಾಟ್
ಒಟ್ಟು – 2,065 ವಾಟ್

ಒಂದು ಅಶ್ವಶಕ್ತಿ ಎಂದರೆ 746 ವಾಟ್. ಅದು ಮೋಟಾರು ಹೊರಗೆ ನೀಡುವ ಸಾಮರ್ಥ್ಯ. ಮೋಟಾರಿನ ದಕ್ಷತೆ ಶೇಕಡಾ 70 ಎಂದು ಭಾವಿಸಿದರೆ ಅದು ಒಳಗೆಳೆದುಕೊಳ್ಳುವುದು ಸುಮಾರು 1,065 ವಾಟ್. ಈ ಪಟ್ಟಿಯನ್ನು ಕಂಡ ಹೆಚ್ಚಿನ ವಿದ್ಯಾರ್ಥಿಗಳು 2.5 ಕೆ.ವಿ.ಎ. ಇನ್ವರ್ಟರ್ ಸಾಕೆನ್ನುವರು. ಅಧ್ಯಾಪಕರು ಈ ಉತ್ತರವನ್ನು ತಕ್ಷಣ ತಿದ್ದದೆ ಹಲಗೆಯ ಮೇಲೆಯೇ ಉಳಿಸಿಕೊಳ್ಳಬೇಕು.

ವಿಷಯ ನಿರೂಪಣೆ

ಪಂಪಿನಲ್ಲಿರುವುದು ಸಾಮಾನ್ಯವಾಗಿ ಪ್ರೇರಣಾ ಮೋಟಾರು. ಸ್ವಿಚ್ಚು ಹಾಕಿದಾಗ ಸ್ಟೇಟರಿನ ಕಾಂತಕ್ಷೇತ್ರವು ಒಡನೆಯೇ ತಿರುಗತೊಡಗುತ್ತದೆ. ರೋಟರು ಇನ್ನೂ ನಿಶ್ಚಲವಾಗಿರುತ್ತದೆ. ಇವೆರಡರ ಸಾಪೇಕ್ಷ ವೇಗವು ಆಗ ಅತ್ಯಧಿಕವಾದುದರಿಂದ ರೋಟರಿನಲ್ಲಿ ಪ್ರೇರಿತವಾಗುವ ಪ್ರವಾಹವೂ ಅತ್ಯಧಿಕ. ಅದಕ್ಕನುಗುಣವಾಗಿ ಸ್ಟೇಟರು ಸೆಳೆಯುವ ಪ್ರವಾಹವೂ ಏರುತ್ತದೆ. ಹೀಗೆ ಚಾಲನೆಯ ಕ್ಷಣದಲ್ಲಿ ಮೋಟಾರು ಓಟದ ಪ್ರವಾಹದ ನಾಲ್ಕರಿಂದ ಏಳು ಪಟ್ಟನ್ನು ಬೇಡಬಹುದು. ರೋಟರು ವೇಗ ಪಡೆದಂತೆ ಈ ಬೇಡಿಕೆ ಇಳಿಯುತ್ತದೆ.

ಎರಡನೆಯ ಲೆಕ್ಕ

ಪಂಪಿನ ಪವರ್ ಫ್ಯಾಕ್ಟರ್ 0.8 ಆಗಿದ್ದರೆ ಓಟದಲ್ಲಿ ಅದರ ಬೇಡಿಕೆ ಸುಮಾರು 1,330 ವೋಲ್ಟ್-ಆಂಪಿಯರ್. ಐದು ಪಟ್ಟೆಂದು ಹಿಡಿದರೆ ಚಾಲನೆಯಲ್ಲಿ 6,650. ಪಂಪನ್ನು ಯಾವಾಗ ಹಾಕಬೇಕೆಂಬುದು ಮನೆಯವರ ಕೈಯಲ್ಲಿದೆ. ಆಗ ಮಿಕ್ಸಿ, ಗ್ರೈಂಡರುಗಳನ್ನು ನಿಲ್ಲಿಸಬಹುದು. ಆದರೆ ಫ್ರಿಜ್ ತನ್ನಷ್ಟಕ್ಕೆ ತಾನೇ ಚಾಲನೆಗೊಳ್ಳುತ್ತದೆ. ಎರಡೂ ಒಂದೇ ಕ್ಷಣಕ್ಕೆ ಒದಗಿದರೆ ಫ್ರಿಜ್ಜಿನ 1,000 ಮತ್ತು ದೀಪ, ಫ್ಯಾನುಗಳ 200 ಸೇರಿ ಒಟ್ಟು 7,850 ವೋಲ್ಟ್-ಆಂಪಿಯರ್ ಬೇಕಾಗುತ್ತದೆ.

ಕ್ಷಣಕಾಲ ಎರಡು ಪಟ್ಟು ಹೊರೆ ತಾಳುವ 2.5 ಕೆ.ವಿ.ಎ. ಇನ್ವರ್ಟರ್ ನೀಡಬಲ್ಲುದು 5,000 ಮಾತ್ರ. ಅದು ಸ್ಥಗಿತಗೊಳ್ಳುತ್ತದೆ, ಇಲ್ಲವೇ ವೋಲ್ಟೇಜು ಕುಸಿದು, ಮೋಟಾರು ತಿರುಗಲಾರದೆ ಬಿಸಿಯೇರಿ ಸುರುಳಿ ಸುಡುವ ಅಪಾಯವಿದೆ. 4 ಕೆ.ವಿ.ಎ. ಅಂಚಿನಲ್ಲಿ ನಿಲ್ಲುತ್ತದೆ. 5 ಕೆ.ವಿ.ಎ. ನೆಮ್ಮದಿಯ ಆಯ್ಕೆ. ಆ ಎರಡು ಪಟ್ಟು ಹೊರೆಯನ್ನು ಎಷ್ಟು ಹೊತ್ತು ತಾಳುತ್ತದೆಂಬುದೂ ಮುಖ್ಯ. ಭಾರವಾದ ಟ್ರಾನ್ಸ್‌ಫಾರ್ಮರುಳ್ಳ ಇನ್ವರ್ಟರುಗಳು ಸಾಮಾನ್ಯವಾಗಿ ಕೆಲವು ಸೆಕೆಂಡು ತಾಳುತ್ತವೆ. ಹಗುರವಾದ ಕೆಲವು ಮಾದರಿಗಳು ಸೆಕೆಂಡಿನ ಒಂದಂಶ ಮಾತ್ರ. ತರಂಗವು ಶುದ್ಧ ಸೈನ್ ರೂಪದ್ದಾಗಿರಬೇಕು. ಚೌಕ ತರಂಗದಲ್ಲಿ ಮೋಟಾರು ಗುಂಯ್‌ಗುಟ್ಟುತ್ತ ಹೆಚ್ಚು ಬಿಸಿಯಾಗುತ್ತದೆ.

ಬ್ಯಾಟರಿಯ ಕಡೆ

ಇನ್ವರ್ಟರಿನ ದಕ್ಷತೆ ಶೇಕಡಾ 90 ಆಗಿದ್ದರೆ, ಪಂಪೊಂದನ್ನೇ ಓಡಿಸಲು 12 ವೋಲ್ಟಿನ ಬ್ಯಾಟರಿ ವ್ಯವಸ್ಥೆಯಿಂದ ಸುಮಾರು 100 ಆಂಪಿಯರ್ ಹರಿಯಬೇಕು. 48 ವೋಲ್ಟಿನಲ್ಲಾದರೆ 25 ಸಾಕು. ಜೂಲ್‌ನ ನಿಯಮದಂತೆ ಉಷ್ಣವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಅದೇ ತಂತಿಯಲ್ಲಿ ಮೊದಲನೆಯದು ಹದಿನಾರು ಪಟ್ಟು ಉಷ್ಣವನ್ನುಂಟುಮಾಡುತ್ತದೆ. ಭಾರೀ ಮೋಟಾರುಗಳ ಮನೆಗೆ 48 ವೋಲ್ಟು ಯೋಗ್ಯವೆನಿಸುವುದು ಇದರಿಂದಲೇ.

ದೊಡ್ಡದೇ ಲೇಸೇ?

ಇಷ್ಟಾದ ಮೇಲೆ ‘ಎಲ್ಲಕ್ಕಿಂತ ದೊಡ್ಡ ಇನ್ವರ್ಟರೇ ಉತ್ತಮ’ ಎಂದು ವಿದ್ಯಾರ್ಥಿಗಳು ಹೇಳಬಹುದು. ದೊಡ್ಡ ಇನ್ವರ್ಟರ್ ಹೊರೆಯಿಲ್ಲದೆ ಸುಮ್ಮನಿರುವಾಗಲೂ ವಿದ್ಯುತ್ತನ್ನು ಬಳಸುತ್ತದೆ. ಅದು 50 ವಾಟ್ ಎಂದು ಭಾವಿಸಿದರೆ ದಿನಕ್ಕೆ 1.2 ಯೂನಿಟ್ಟು, ಪಂಪು ಒಂದು ಗಂಟೆ ಓಡಲು ಬೇಕಾದುದಕ್ಕಿಂತ ಹೆಚ್ಚು. ಆದುದರಿಂದ ಇನ್ವರ್ಟರನ್ನು ಹಿಗ್ಗಿಸುವ ಮುನ್ನ ಚಾಲನೆಯ ಬೇಡಿಕೆಯನ್ನು ಕುಗ್ಗಿಸಲಾದೀತೇ ಎಂದು ನೋಡಬೇಕು. ಮೂರು ಫೇಸಿನ ಪಂಪನ್ನು ವಿ.ಎಫ್.ಡಿ. ಎಂಬ ವೇಗನಿಯಂತ್ರಕದ ಮೂಲಕ ಓಡಿಸಿದರೆ ಅದು ಮೆಲ್ಲನೆ ವೇಗ ಪಡೆಯುತ್ತದೆ. ಹಠಾತ್ ಏರಿಕೆ ಇರದು. ಆಗ ಈ ಮನೆಗೆ 3 ಕೆ.ವಿ.ಎ. ಸಾಕಾದೀತು. ಬಿಸಿಲಿರುವಾಗಲೇ ಪಂಪನ್ನು ಓಡಿಸಿ ಎತ್ತರದ ಟಾಂಕಿಯಲ್ಲಿ ನೀರು ತುಂಬಿಸಿಟ್ಟರೆ ಬ್ಯಾಟರಿಯ ಹೊರೆಯೂ ತಗ್ಗುತ್ತದೆ. ಸುರಂಗದ ನೀರಿನಂತೆ ಟಾಂಕಿಯ ನೀರೂ ಮುಂದೆ ತಾನಾಗಿಯೇ ಇಳಿಯುತ್ತದೆ.

ಚಟುವಟಿಕೆ

ಎರಡು ಶುಷ್ಕಕೋಶ, ಆಟಿಕೆಯ ಮೋಟಾರು ಹಾಗೂ ಆಮ್ಮೀಟರನ್ನು ಶ್ರೇಣಿಯಲ್ಲಿ ಜೋಡಿಸಿ ಓಟದ ಪ್ರವಾಹವನ್ನು ಗುರುತಿಸಬೇಕು. ಬಳಿಕ ಮೋಟಾರಿನ ಅಕ್ಷವನ್ನು ಕ್ಷಣಕಾಲ ಬೆರಳಿನಿಂದ ತಡೆದು ಮುಳ್ಳಿನ ಏರಿಕೆಯನ್ನು ಗಮನಿಸಬೇಕು. ಇದು ನೇರ ಪ್ರವಾಹದ ಮೋಟಾರು. ಒಳಗಿನ ಕಾರಣ ತುಸು ಬೇರೆಯಾದರೂ ನಿಂತ ಮೋಟಾರು ಹೆಚ್ಚು ಪ್ರವಾಹ ಸೆಳೆಯುವುದು ಇಲ್ಲಿಯೂ ಕಣ್ಣಿಗೆ ಕಾಣುತ್ತದೆ. ಮನೆಯ ವಿದ್ಯುತ್ ಸಂಪರ್ಕದಲ್ಲಿ ಈ ಪ್ರಯೋಗವನ್ನು ಎಂದಿಗೂ ಮಾಡಬಾರದು.

ಮೌಲ್ಯಮಾಪನ

1. ಪಂಪು 2 ಅಶ್ವಶಕ್ತಿಯದಾದರೆ ಎರಡನೆಯ ಲೆಕ್ಕ ಹೇಗೆ ಬದಲಾಗುತ್ತದೆ?
2. ಹಲಗೆಯ ಮೇಲಿನ ಮೊದಲ ಉತ್ತರದಲ್ಲಿ ತಪ್ಪಿದ್ದುದು ಕೂಡುವಿಕೆಯೋ, ಊಹೆಯೋ? ಸಮರ್ಥಿಸಿರಿ.
3. ಹಣ ಕೊಡುವ ಮುನ್ನ ಆ ಕುಟುಂಬವು ಅಂಗಡಿಯವರಲ್ಲಿ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಬರೆಯಿರಿ.