ಬೆರಳುಗಳಿಗೂ ಮಾತುಂಟು

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ಕುಳಿತ ಕಿವುಡ ಬಾಲಕ ಎರಡು ಬೆರಳು ತೋರಿಸಿದರೆ ಎರಡು ಇಡ್ಲಿ ಬರುತ್ತವೆ. ಹೋಟೆಲಿನವರಿಗೆ ತಿಳಿಯುವ ಕೈಸನ್ನೆ ತರಗತಿಯಲ್ಲಿ ಮಾತ್ರ ತಪ್ಪಾದದ್ದು ಹೇಗೆ?

18ನೇ ಶತಮಾನದಲ್ಲಿ ಪ್ಯಾರಿಸಿನ ಗುರು ಶಾರ್ಲ್ ಮಿಶೆಲ್ ದ ಲೆಪೆ ಕಿವುಡ ಮಕ್ಕಳಿಗೆ ಉಚಿತ ಶಾಲೆ ತೆರೆದರು. ಕಲಿಸುವ ಮೊದಲು ಕಿವುಡರಿಂದಲೇ ಸನ್ನೆ ಕಲಿತರು. ಅವರ ದೊಡ್ಡತನವೇ ಅದು. ಆದರೆ 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ, ಬಾಯಿಮಾತೇ ಮೇಲು, ಸನ್ನೆ ಬೇಡ ಎಂದು ನಿರ್ಣಯಿಸಿತು. ಮತ ಹಾಕಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು! ತುಟಿ ನೋಡಿ ಕಲಿಯಬೇಕೆಂಬ ಆ ಪದ್ಧತಿ ನಮ್ಮ ದೇಶಕ್ಕೂ ಬಂತು. ಆ ನಿರ್ಣಯಗಳನ್ನು ಸಮ್ಮೇಳನ ತಿರಸ್ಕರಿಸಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. ನಡುವೆ 130 ವರ್ಷ ಕಳೆದಿತ್ತು.

ಭಾರತೀಯ ಸನ್ನೆ ಭಾಷೆಯನ್ನು ದೇಶದಾದ್ಯಂತ ಒಂದು ಕ್ರಮಕ್ಕೆ ತಂದು ಪಾಠಗಳನ್ನು ಸಿದ್ಧಪಡಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ನೀತಿ ಬಂದಷ್ಟು ಬೇಗ ಸನ್ನೆ ಬಲ್ಲ ಶಿಕ್ಷಕರು ಬರುವುದಿಲ್ಲ ಬಿಡಿ.

ಮಾರ್ಕನ ಶುಭಸಂದೇಶದ 7ನೇ ಅಧ್ಯಾಯ ತೆರೆದು ನೋಡಿ. ಯೇಸುಸ್ವಾಮಿ ಕಿವುಡನನ್ನು ಗುಂಪಿನಿಂದ ಆಚೆಗೆ ಕರೆದೊಯ್ದು ಮೊದಲು ಅವನ ಕಿವಿ, ನಾಲಗೆಗಳನ್ನು ಮುಟ್ಟುತ್ತಾರೆ. ಮಾತು ಆಮೇಲೆ.

ತಾಯಂದಿರೇ, ಕರೆದರೆ ಮಗು ತಿರುಗದಿದ್ದರೆ "ದೊಡ್ಡವನಾದಂತೆ ಸರಿಹೋಗುತ್ತಾನೆ" ಎಂದು ಕಾಯಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಗೂಸಿಗೂ ಶ್ರವಣ ಪರೀಕ್ಷೆ ಉಂಟು. ಶ್ರವಣಯಂತ್ರ ಹಾಕಿಸಿದರೂ ಸನ್ನೆ ಬಿಡಿಸಬೇಡಿ, ಒಂದಕ್ಕೊಂದು ವೈರಿಯಲ್ಲ. ಧರ್ಮೋಪದೇಶ ಕಲಿಸುವವರೇ, ಇಂಥ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ನೀವು ಕಿಟಕಿಗೆ ಬೆನ್ನುಮಾಡಿ ನಿಲ್ಲಬೇಡಿ, ಮುಖ ಕತ್ತಲಾಗಿ ತುಟಿ ಕಾಣದು.